ಕುರಿ-ದನಗಳಿಗೆ ಜಂತುಹುಳು, ಉಣುಗು ಕಾಟ: ಔಷಧ ಹಾಕಿದರೂ ಯಾಕೆ ಹೋಗುತ್ತಿಲ್ಲ?

"ಅಣ್ಣಾ, ಮತ್ತ ಎರಡ ಕುರಿ ಸತ್ತಾವ. ಹುಳದ ಔಷಧ ಹಾಕೇವಿ, ಏನೂ ಆಗವಲ್ದು."

ಮಳೆಗಾಲ ನಡುಮಧ್ಯಕ್ಕೆ ಬಂದಾಗ ಊರಿನಿಂದ ಇಂಥದೊಂದು ಫೋನ್ ಬಂದರೆ ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕೂತವರು ಮಾಡುವುದು ಸಾಮಾನ್ಯವಾಗಿ ಒಂದೇ ಕೆಲಸ. ಇನ್ನೊಂದು ಬಾಟಲಿ ಔಷಧಕ್ಕೆ ದುಡ್ಡು ಕಳಿಸುವುದು. ಆ ಬಾಟಲಿಯೇ ಕೆಲವೊಮ್ಮೆ ತೊಂದರೆಯ ಒಂದು ಭಾಗ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಔಷಧ ಕೆಟ್ಟದ್ದಲ್ಲ. ಅದನ್ನು ಎಲ್ಲಾ ಪ್ರಾಣಿಗಳಿಗೂ, ಎಲ್ಲಾ ಕಾಲಕ್ಕೂ, ಅಂದಾಜಿನ ಮೇಲೆ ಹಾಕುವ ರೂಢಿ ಕೆಟ್ಟದ್ದು.

2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 7.42 ಕೋಟಿ ಕುರಿಗಳಿವೆ. ತೆಲಂಗಾಣ (1.91 ಕೋಟಿ) ಮತ್ತು ಆಂಧ್ರಪ್ರದೇಶ (1.76 ಕೋಟಿ) ಬಿಟ್ಟರೆ ನಂತರದ ಸ್ಥಾನ ಕರ್ನಾಟಕದ್ದು, ಸುಮಾರು 1.11 ಕೋಟಿ. ಇವುಗಳಲ್ಲಿ ಹೆಚ್ಚಿನವು ದೊಡ್ಡ ಫಾರ್ಮ್‌ಗಳಲ್ಲಿಲ್ಲ, ಹೊಲ, ಕೆರೆ ಅಂಗಳ, ಗೋಮಾಳದಲ್ಲಿ ಮೇಯುವ ಸಣ್ಣ ಮಂದೆಗಳು. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ಬಿತ್ತನೆ ಬೀಜಕ್ಕೆ ಮಾರುವ ಟಗರು ಅಲ್ಲಿಂದಲೇ ಬರಬೇಕು.

ರಕ್ತ ಕುಡಿಯುವ ಹುಳು

ಕುರಿಯ ಹೊಟ್ಟೆಯಲ್ಲಿ ಹತ್ತಾರು ಬಗೆಯ ಹುಳುಗಳಿರುತ್ತವೆ. ಬಿಸಿ ಮತ್ತು ತೇವ ಎರಡೂ ಇರುವ ನಮ್ಮ ಹವೆಯಲ್ಲಿ ಅತಿ ಹೆಚ್ಚು ಕುರಿ-ಮೇಕೆಗಳನ್ನು ಕೊಲ್ಲುವುದು ಹಿಮಾಂಕಸ್ ಎಂಬ ದುಂಡು ಹುಳು. ಉದ್ದ ಎರಡು-ಮೂರು ಸೆಂಟಿಮೀಟರ್ ಮಾತ್ರ. ಹೆಣ್ಣು ಹುಳವನ್ನು ಹತ್ತಿರದಿಂದ ನೋಡಿದರೆ ಕೆಂಪು ಮತ್ತು ಬಿಳಿ ನೂಲು ಸೇರಿಸಿ ಹೊಸೆದಂತೆ ಕಾಣುತ್ತದೆ. ಕೆಂಪು ಅದು ಕುಡಿದ ರಕ್ತ, ಬಿಳಿ ಅದರ ಅಂಡಾಶಯ. ವಾಸ ಕುರಿಯ ನಾಲ್ಕನೇ ಹೊಟ್ಟೆಯಲ್ಲಿ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಖಾಲಿ ಮಾಡುತ್ತದೆ. ಕೇಳಲು ಏನೂ ಅಲ್ಲ. ಸಾವಿರ ಹುಳಗಳಿದ್ದರೆ ದಿನಕ್ಕೆ 50 ಮಿಲಿ ಹೋಗುತ್ತದೆ. 25 ಕಿಲೋ ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರಿನಿಂದ ಸ್ವಲ್ಪ ಹೆಚ್ಚು. ಇನ್ನು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಸಾವಿರದಲ್ಲಿ ಅರ್ಧ ಹೆಣ್ಣು ಎಂದಿಟ್ಟುಕೊಂಡರೂ ಒಂದೇ ಕುರಿಯ ಹಿಕ್ಕೆಯ ಮೂಲಕ ದಿನಕ್ಕೆ 25 ಲಕ್ಷ ಮೊಟ್ಟೆ ಹೊಲಕ್ಕೆ ಬೀಳುತ್ತವೆ.

ಇಲ್ಲೊಂದು ಮುಖ್ಯ ವಿಷಯ. ಈ ಹುಳು ಇದ್ದರೆ ಕುರಿ ಭೇದಿ ಮಾಡಲೇಬೇಕೆಂದಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇರಬಹುದು. ಹಾಗಾಗಿ "ಹೊಟ್ಟೆ ಸರಿಯಾಗೇ ಇದೆಯಲ್ಲ" ಎಂದು ಸುಮ್ಮನಾಗುತ್ತಾರೆ. ಒಳಗೆ ರಕ್ತ ಕಡಿಮೆಯಾಗಿ ಕುರಿ ಮಂದೆಯ ಹಿಂದೆ ಬೀಳುತ್ತದೆ, ಕಣ್ಣಿನ ಒಳಪೊರೆ ಬಿಳಿಚುತ್ತದೆ, ಗದ್ದದ ಕೆಳಗೆ ನೀರು ತುಂಬಿದಂತೆ ಊತ ಬರುತ್ತದೆ. ಮೈ ತುಂಬಿಕೊಂಡಂತೆ ಕಾಣುವ ಮರಿಯೂ ಜೋರು ಮಳೆ ಬಂದ ಮೂರ್ನಾಲ್ಕು ವಾರಗಳಲ್ಲಿ ಇದ್ದಕ್ಕಿದ್ದಂತೆ ಸಾಯುವುದುಂಟು.

ಕುರಿಯೊಳಗಿಗಿಂತ ಹುಲ್ಲಿನಲ್ಲೇ ಹೆಚ್ಚು

ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಒಡೆದು, ಮರಿಹುಳು ಇನ್ನೊಂದು ಕುರಿಗೆ ಅಂಟುವಷ್ಟು ಬೆಳೆಯಲು ಬೆಚ್ಚಗಿನ ತೇವ ಹವೆಯಲ್ಲಿ ಸುಮಾರು ಒಂದು ವಾರ ಸಾಕು. ಅದು ಇಬ್ಬನಿಯ ಪಸೆಯಲ್ಲಿ ಹುಲ್ಲಿನ ಎಸಳು ಹತ್ತಿ ಕುಳಿತಿರುತ್ತದೆ. ಬಹುಪಾಲು ಮರಿಹುಳುಗಳು ನೆಲದಿಂದ ನಾಲ್ಕು ಬೆರಳಿನಷ್ಟು ಎತ್ತರದೊಳಗೇ ಇರುತ್ತವೆ. ಕುರಿಯ ಹೊಟ್ಟೆ ಸೇರಿದ ಮೂರು ವಾರಕ್ಕೆ ಅದೂ ಮೊಟ್ಟೆ ಇಡತೊಡಗುತ್ತದೆ.

ಅಂದರೆ ಮಳೆಗಾಲದಲ್ಲಿ ಯಾವ ಹೊತ್ತಿಗೆ ಲೆಕ್ಕ ಹಾಕಿದರೂ ಹುಳುಗಳ ದೊಡ್ಡ ಪಾಲು ಕುರಿಯ ಹೊಟ್ಟೆಯಲ್ಲಿಲ್ಲ, ಹುಲ್ಲಿನಲ್ಲಿದೆ. ಇಂದು ಔಷಧ ಹಾಕಿ ನಾಳೆ ಅದೇ ಕೆರೆ ಅಂಗಳಕ್ಕೆ ಅಟ್ಟಿದರೆ ಕುರಿ ಮತ್ತೆ ಹುಳು ತುಂಬಿಕೊಂಡು ಬರುತ್ತದೆ. ಅದಕ್ಕೇ ಹಳಬರು ಇಬ್ಬನಿ ಆರುವ ಮೊದಲು ಕುರಿ ಬಿಡಬೇಡಿ, ಗಿಡ್ಡ ಹುಲ್ಲು ನೆಲದವರೆಗೆ ಬೋಳಿಸುವಂತೆ ಮೇಯಿಸಬೇಡಿ ಎನ್ನುತ್ತಿದ್ದರು. ಮಂದೆ ಒಂದೇ ಕಡೆ ಬೀಡುಬಿಡದೆ ಊರಿಂದೂರಿಗೆ ಸಾಗುವ ಪದ್ಧತಿಗೂ ಈ ಲಾಭ ಇತ್ತು. ಕುರಿ ತಾನು ಹಾಕಿದ ಹಿಕ್ಕೆಯ ಮೇಲೆ ಮತ್ತೆ ಮೇಯುವ ಹೊತ್ತಿಗೆ ಮರಿಹುಳುಗಳು ಒಣಗಿ ಸತ್ತಿರುತ್ತಿದ್ದವು. ಈಗ ಗೋಮಾಳ ಕರಗಿದೆ, ಇದ್ದ ತುಂಡು ನೆಲದಲ್ಲೇ ದಿನಾ ಸುತ್ತಬೇಕು.

ಸ್ವಂತ ಜಮೀನಿದ್ದವರಿಗೆ ಒಂದು ದಾರಿಯಿದೆ. ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗದಲ್ಲಿ ಮೇವಿನ ಜಾಗವನ್ನು ಹತ್ತು ತುಂಡು ಮಾಡಿ, ಒಂದೊಂದರಲ್ಲಿ ಮೂರೂವರೆ ದಿನ ಮೇಯಿಸಿ ಮುಂದಕ್ಕೆ ಸಾಗಿಸಿದರು. ಮೊಟ್ಟೆ ಮರಿಹುಳು ಆಗುವಷ್ಟರಲ್ಲಿ ಮಂದೆ ಅಲ್ಲಿಂದ ಹೊರಟಿರುತ್ತಿತ್ತು, ತಿರುಗಿ ಬರುವಷ್ಟರಲ್ಲಿ ಹೆಚ್ಚಿನ ಮರಿಹುಳುಗಳು ಸತ್ತಿರುತ್ತಿದ್ದವು. ಔಷಧದ ಅಗತ್ಯ ಬಹಳ ಇಳಿಯಿತು. ಬಿಸಿ ಹವೆಯಲ್ಲಿ ಮರಿಹುಳು ಬೇಗ ಹುಟ್ಟುತ್ತದೆ, ಬೇಗ ಸಾಯುತ್ತದೆ ಕೂಡ. ಚಳಿ ದೇಶಗಳಲ್ಲಿ ಇಷ್ಟು ಕಡಿಮೆ ದಿನದಲ್ಲಿ ಇದು ಸಾಧ್ಯವಿಲ್ಲ. ಎರಡು ಎಕರೆಯವರಿಗೆ ಹತ್ತು ಬೇಲಿ ಆಗದ ಮಾತು ನಿಜ, ಆದರೆ ಕುರಿ ಮೇಯ್ದ ಜಾಗಕ್ಕೆ ಸ್ವಲ್ಪ ದಿನ ಬರೀ ದೊಡ್ಡ ದನಗಳನ್ನು ಬಿಟ್ಟರೂ ಉಪಯೋಗವಿದೆ. ಕುರಿಯ ಈ ಹುಳು ದೊಡ್ಡ ದನದ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಬದುಕುವುದಿಲ್ಲ.

ಔಷಧ ಸೋಲುವುದು ಹೀಗೆ

ಥಯಾಬೆಂಡಜೋಲ್ ಎಂಬ ಮದ್ದು 1961ರಲ್ಲಿ ಬಂತು. ಅದಕ್ಕೆ ಬಗ್ಗದ ಹಿಮಾಂಕಸ್ ಹುಳು 1964ರಲ್ಲೇ ವರದಿಯಾಯಿತು. ಐವರ್ಮೆಕ್ಟಿನ್ 1981ರಲ್ಲಿ ಬಂತು (ಇದರ ಮೂಲ ಸಂಶೋಧನೆಗೆ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಓಮುರಾ ಅವರಿಗೆ 2015ರ ನೊಬೆಲ್ ಸಿಕ್ಕಿತು). ಆ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕಾದ ಕುರಿಗಳಲ್ಲಿ ಅದೂ ಸೋತಿತು. ಮೊನೆಪ್ಯಾಂಟೆಲ್ ಎಂಬ ಹೊಸ ವರ್ಗದ ಔಷಧ 2009ರಲ್ಲಿ ನ್ಯೂಜಿಲೆಂಡಿನಲ್ಲಿ ಮಾರುಕಟ್ಟೆಗೆ ಬಂದು, 2013ರಲ್ಲಿ ಅದೇ ದೇಶದಲ್ಲಿ ಸೋತ ವರದಿ ಬಂತು. ಭಾರತದಲ್ಲೂ ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ವರ್ಗಕ್ಕೆ ಬಗ್ಗದ ಹುಳುಗಳು ಹಲವು ರಾಜ್ಯಗಳ ಕುರಿ ಫಾರ್ಮ್‌ಗಳಲ್ಲಿ ಕಂಡಿವೆ.

ಕಾರಣ ಸರಳ. ಸಾವಿರ ಹುಳುಗಳಲ್ಲಿ ಐದೋ ಹತ್ತೋ ಹುಟ್ಟಿನಿಂದಲೇ ಆ ಔಷಧ ತಡೆದುಕೊಳ್ಳುವಂಥವು ಇರುತ್ತವೆ. ಔಷಧ ಹಾಕಿದಾಗ ಉಳಿದವೆಲ್ಲ ಸಾಯುತ್ತವೆ, ಈ ಹತ್ತು ಉಳಿದು ಅವೇ ಮೊಟ್ಟೆ ಇಡುತ್ತವೆ. ಮಂದೆಯ ಎಲ್ಲಾ ಕುರಿಗಳಿಗೂ ಒಂದೇ ದಿನ ಔಷಧ ಕುಡಿಸಿದರೆ ಮುಂದಿನ ಕೆಲವು ವಾರ ಹೊಲಕ್ಕೆ ಬೀಳುವುದು ಬರೀ ಗಟ್ಟಿ ಹುಳುಗಳ ಮೊಟ್ಟೆ. ಕೆಲವು ಕುರಿಗಳಿಗೆ ಔಷಧ ಹಾಕದೆ ಬಿಟ್ಟರೆ? ಅವುಗಳಿಂದ ಸಾಧಾರಣ ಹುಳುಗಳ ಮೊಟ್ಟೆಯೂ ಬೀಳುತ್ತದೆ, ಗಟ್ಟಿ ಹುಳುಗಳ ಸಂತತಿ ಅವುಗಳ ನಡುವೆ ಬೆರೆತು ತೆಳುವಾಗುತ್ತದೆ. ಔಷಧ ಇನ್ನಷ್ಟು ವರ್ಷ ಕೆಲಸ ಮಾಡುತ್ತದೆ.

ಬೇಸಿಗೆ ಕೊನೆಯಲ್ಲಿ, ಮಳೆಗೆ ಮುಂಚೆ ಇಡೀ ಮಂದೆಗೆ ಔಷಧ ಹಾಕುವ ರೂಢಿ ನಮ್ಮಲ್ಲಿದೆ. ಆಗ ನೆಲ ಒಣಗಿ ಹುಲ್ಲಿನಲ್ಲಿ ಮರಿಹುಳುಗಳೇ ಇರುವುದಿಲ್ಲ, ಇರುವುದೆಲ್ಲ ಕುರಿಯೊಳಗೆ. ಆದ್ದರಿಂದ ಔಷಧದ ಪರಿಣಾಮ ಚೆನ್ನಾಗಿರುತ್ತದೆ. ಅದೇ ಕಾರಣಕ್ಕೆ ಗಟ್ಟಿ ಹುಳುಗಳನ್ನು ಆರಿಸಿ ಉಳಿಸುವ ಅಪಾಯವೂ ಆಗಲೇ ಅತಿ ಹೆಚ್ಚು. ಈ ಲೇಖಕನ ಅಭಿಪ್ರಾಯದಲ್ಲಿ ಮಳೆಗೆ ಮುಂಚಿನ ಡೋಸ್ ಬಿಡಬೇಕಿಲ್ಲ, ಆದರೆ ಮೈ ತುಂಬಿಕೊಂಡ, ಕಣ್ಣು ಕೆಂಪಗಿರುವ ಒಂದಷ್ಟು ದೊಡ್ಡ ಕುರಿಗಳನ್ನು ಅದರಿಂದ ಹೊರಗಿಡುವುದೇ ಲೇಸು.

ಔಷಧ ಬದಲಾಯಿಸಿದೆವು ಎನ್ನುವವರು ಇನ್ನೊಂದು ಗಮನಿಸಬೇಕು. ಅಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಡಬ್ಬಿ ಬದಲಾಯಿತು, ಮದ್ದಿನ ವರ್ಗ ಬದಲಾಗಲಿಲ್ಲ. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಲೆವಮಿಸೋಲ್, ಐವರ್ಮೆಕ್ಟಿನ್, ಕ್ಲೋಸಾಂಟೆಲ್ ಬೇರೆ ಬೇರೆ ವರ್ಗದವು. ಆದರೆ ಲೆವಮಿಸೋಲ್ ಡೋಸ್ ಮೀರಿದರೆ ವಿಷವಾಗುತ್ತದೆ, ಕ್ಲೋಸಾಂಟೆಲ್ ಮೀರಿದರೆ ಕುರಿ-ಮೇಕೆ ಕುರುಡಾಗಬಹುದು. ಅಂಗಡಿಯವರ ಮಾತಿನ ಮೇಲೆ ಕೊಡುವ ಮದ್ದುಗಳಲ್ಲ ಇವು.

ಕಣ್ಣಿನ ರೆಪ್ಪೆ ತಿರುಗಿಸಿ ನೋಡಿ

ಹಾಗಾದರೆ ಯಾವ ಕುರಿಗೆ ಹಾಕಬೇಕು, ಯಾವುದಕ್ಕೆ ಬೇಡ? ಒಂದು ಮಂದೆಯಲ್ಲಿರುವ ಹುಳುಗಳ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತವೆ. ಸುಮಾರು ಕಾಲು ಭಾಗ ಕುರಿಗಳಲ್ಲಿ ಮುಕ್ಕಾಲು ಭಾಗ ಹುಳುಗಳು ಎಂದಿಟ್ಟುಕೊಳ್ಳಿ. ಆ ಕುರಿಗಳನ್ನು ಹುಡುಕಲು ದಕ್ಷಿಣ ಆಫ್ರಿಕಾದಲ್ಲಿ ಫಮಾಚ ಎಂಬ ಬಣ್ಣದ ಪಟ್ಟಿ ರೂಪಿಸಿದರು. ಆ ಕಲ್ಪನೆ ಕೊಟ್ಟ ಪಶುವೈದ್ಯ ಫಾಫಾ ಮಾಲನ್ ಅವರ ಹೆಸರಿನಿಂದಲೇ ಆ ಪದ ಬಂದಿದೆ.

ಮಾಡುವುದಿಷ್ಟೇ. ಬೆಳಕಿನಲ್ಲಿ ಕುರಿಯ ಕೆಳರೆಪ್ಪೆ ಎಳೆದು ಒಳಪೊರೆಯ ಬಣ್ಣವನ್ನು ಪಟ್ಟಿಯ ಐದು ಬಣ್ಣಗಳ ಜೊತೆ ಹೋಲಿಸಬೇಕು. 1 ಮತ್ತು 2 ಚೆನ್ನಾದ ಕೆಂಪು, ಔಷಧ ಬೇಡ. 4 ಮತ್ತು 5 ಬಿಳಿಚಿದ್ದು, ಹಾಕಲೇಬೇಕು. 3 ನಡುವಿನದು. ಮರಿಗಳು, ಗಬ್ಬದ ಕುರಿ, ಮರಿಗೆ ಹಾಲೂಡುವ ತಾಯಿ ಆಗಿದ್ದರೆ 3 ಬಂದರೂ ಹಾಕುವುದು ಒಳ್ಳೆಯದು. ಮರಿ ಹಾಕುವ ಹೊತ್ತಿನಲ್ಲಿ ತಾಯಿ ಕುರಿಯ ತಡೆಶಕ್ತಿ ಕುಗ್ಗಿ ಅದರ ಹಿಕ್ಕೆಯಲ್ಲಿ ಮೊಟ್ಟೆ ಒಮ್ಮೆಲೇ ಏರುತ್ತದೆ, ಅದೇ ನೆಲದಲ್ಲಿ ಎಳೆ ಮರಿ ಮೊದಲ ಹುಲ್ಲು ತಿನ್ನುತ್ತದೆ. ಮಳೆಗಾಲದಲ್ಲಿ ಎರಡು-ಮೂರು ವಾರಕ್ಕೊಮ್ಮೆ ಕಣ್ಣು ನೋಡಬೇಕು. ಐವತ್ತು ಕುರಿಗೆ ಒಂದು ಮುಂಜಾನೆಯ ಕೆಲಸ. ಪ್ರತಿ ಸಲವೂ ಬಿಳಿಚಿಕೊಳ್ಳುವ ಕುರಿ ಯಾವುದೆಂದು ಕಿವಿಗೆ ಗುರುತು ಹಾಕಿ ಮೊದಲು ಅದನ್ನೇ ಮಾರಿದರೆ ಮಂದೆಯ ಗುಣವೇ ಸುಧಾರಿಸುತ್ತದೆ.

ರಕ್ತ ಕುಡಿಯುವ ಹುಳುವಿಗೆ ಮಾತ್ರ ಈ ಪಟ್ಟಿ ಅನ್ವಯ. ಭೇದಿ ಮಾಡಿಸುವ ಬೇರೆ ಹುಳುಗಳನ್ನು ಇದು ತೋರಿಸದು. ಚಪ್ಪಟೆ ಹುಳು, ಉಣುಗು ಹೆಚ್ಚಾದಾಗಲೂ ಕಣ್ಣು ಬಿಳಿಚುವುದರಿಂದ ಡಾಕ್ಟರ ಸಲಹೆ ಬೇಕೇ ಬೇಕು.

ಔಷಧ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹಿಕ್ಕೆ ಪರೀಕ್ಷೆ ಇದೆ. ಹತ್ತು-ಹದಿನೈದು ಕುರಿಗಳ ತಾಜಾ ಹಿಕ್ಕೆಯನ್ನು ಔಷಧ ಹಾಕುವ ದಿನ ಒಮ್ಮೆ, ಹತ್ತು-ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಪಶು ಆಸ್ಪತ್ರೆ ಮೂಲಕ ಪ್ರಯೋಗಾಲಯಕ್ಕೆ ಕೊಡಬೇಕು. ಮೊಟ್ಟೆ ಸಂಖ್ಯೆ ಶೇ. 95ರಷ್ಟೂ ಇಳಿಯದಿದ್ದರೆ ಆ ಔಷಧ ಆ ಮಂದೆಯಲ್ಲಿ ಸೋಲುತ್ತಿದೆ ಎಂದರ್ಥ, ಮುಂದೆ ಅದಕ್ಕೆ ಸುರಿಯುವ ದುಡ್ಡು ನೀರಿಗೆ ಹಾಕಿದಂತೆ.

ಕುಡಿಸುವಾಗಿನ ತಪ್ಪುಗಳು

ತೂಕ ನೋಡದೆ ಎಲ್ಲಕ್ಕೂ ಒಂದೇ ಮುಚ್ಚಳ ಅಳತೆ ಹಾಕುವುದು ದೊಡ್ಡ ತಪ್ಪು. ಅರೆ ಡೋಸ್ ಕುಡಿದ ಹುಳು ಸಾಯುವುದಿಲ್ಲ, ಪಳಗುತ್ತದೆ. ತಕ್ಕಡಿ ಇಲ್ಲದಿದ್ದರೆ ಒಂದೇ ಗಾತ್ರದ ಗುಂಪಿನಲ್ಲಿ ಅತಿ ಭಾರದ ಕುರಿಯ ತೂಕಕ್ಕೆ ಡೋಸ್ ಲೆಕ್ಕ ಹಾಕಿ. ಬಾಯಿಯ ಪಕ್ಕದಿಂದ, ನಾಲಿಗೆಯ ಹಿಂಭಾಗಕ್ಕೆ ಬೀಳುವಂತೆ ನಿಧಾನವಾಗಿ ಕುಡಿಸಬೇಕು. ತಲೆ ಮೇಲಕ್ಕೆತ್ತಿ ಹಿಡಿದರೆ ಔಷಧ ಶ್ವಾಸನಾಳಕ್ಕೆ ಇಳಿಯುತ್ತದೆ. ಮೇಕೆಯ ಮೈಯಲ್ಲಿ ಈ ಮದ್ದುಗಳು ಬೇಗ ಕರಗಿಹೋಗುವುದರಿಂದ ಕುರಿಯ ಡೋಸ್ ಮೇಕೆಗೆ ಸಾಲದು. ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡಬಾರದು, ಭ್ರೂಣಕ್ಕೆ ಊನವಾಗಬಹುದು.

ಸಂತೆಯಿಂದ ತಂದ ಹೊಸ ಕುರಿ ನೇರ ಮಂದೆಗೆ ಬೇಡ. ಅದರ ಜೊತೆ ಬೇರೆ ಊರಿನ ಗಟ್ಟಿ ಹುಳುಗಳೂ ಬರುತ್ತವೆ. ವೈದ್ಯರನ್ನು ಕೇಳಿ ಎರಡು ಬೇರೆ ವರ್ಗದ ಔಷಧ ಕೊಡಿಸಿ, ಎರಡು ದಿನ ದೊಡ್ಡಿಯಲ್ಲೇ ಕಟ್ಟಿ ಮೇವು ಹಾಕಿ, ಆಮೇಲೆ ಬಿಡಿ. ಊರಿನ ಮನೆಗೆ ಕುರಿ ಕೊಡಿಸಲು ದುಡ್ಡು ಕಳಿಸುವವರು ಇದೊಂದನ್ನು ಫೋನಿನಲ್ಲೇ ಹೇಳಬಹುದು.

ಗದ್ದೆ, ಕೆರೆ, ಬಸವನಹುಳು

ನೀರು ನಿಲ್ಲುವ ಕಡೆ ಕಥೆ ಬೇರೆ. ಮಲೆನಾಡು, ಕರಾವಳಿ, ಕಾಲುವೆ ನೀರಿನ ಗದ್ದೆಗಳಲ್ಲಿ ದನ, ಎಮ್ಮೆ, ಕುರಿ ಮೂರನ್ನೂ ಕಾಡುವುದು ಲಿವರ್ ಫ್ಲೂಕ್ ಎಂದು ಡಾಕ್ಟರು ಹೇಳುವ ಎಲೆಯಾಕಾರದ ಚಪ್ಪಟೆ ಹುಳು. ನೀರಿನ ಬಸವನಹುಳದ ದೇಹದಲ್ಲಿ ಬೆಳೆದು, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಂಡು ದನದ ಯಕೃತ್ತು ಸೇರುತ್ತದೆ. ಸಾಮಾನ್ಯ ಡೋಸಿನ ಫೆನ್‌ಬೆಂಡಜೋಲ್ ಇದಕ್ಕೆ ನಾಟುವುದಿಲ್ಲ. ಆಕ್ಸಿಕ್ಲೋಜನೈಡ್ ಬಲಿತ ಹುಳುವನ್ನು ಕೊಲ್ಲುತ್ತದೆ, ಟ್ರೈಕ್ಲಾಬೆಂಡಜೋಲ್ ಎಳೆಯದನ್ನೂ ಕೊಲ್ಲುತ್ತದೆ. ಕೆರೆ ಅಂಚಿನ ಹುಲ್ಲು ಕೊಯ್ದರೆ ನೀರಿನೊಳಗಿನ ಬುಡ ಬಿಟ್ಟು ಮೇಲಿಂದ ಕೊಯ್ಯಿರಿ, ಚೆನ್ನಾಗಿ ಒಣಗಿಸಿ ಹಾಕಿ. ಕುಡಿಯುವ ನೀರಿಗೆ ತೊಟ್ಟಿ ಇಡಿ.

ಎಳೆಗರುಗಳಿಗೆ, ಅದರಲ್ಲೂ ಎಮ್ಮೆ ಕರುಗಳಿಗೆ ತಾಯಿಯ ಹಾಲಿನ ಮೂಲಕವೇ ಒಂದು ದುಂಡು ಹುಳು ದಾಟುತ್ತದೆ. ಹುಟ್ಟಿದ ಹತ್ತರಿಂದ ಹದಿನೈದು ದಿನದೊಳಗೆ ಮೊದಲ ಔಷಧ ಹಾಕಿಸದಿದ್ದರೆ ಕರು ಬಿಳಿ ಭೇದಿ ಮಾಡಿಕೊಂಡು ಬಡಕಲಾಗುತ್ತದೆ. ದನಗಳ ವಿಷಯದಲ್ಲಿ ಕಾಲಕ್ಕೆ ಸರಿಯಾಗಿ ಹಾಕಲೇಬೇಕಾದ ಡೋಸ್ ಇದು.

ಉಣುಗು ದನದ ಮೈಮೇಲಷ್ಟೇ ಇಲ್ಲ

ಕನ್ನಡದಲ್ಲಿ ಇದೊಂದು ಗೊಂದಲ. ದನಕ್ಕೆ ಉಣ್ಣೆ ಹತ್ತಿದೆ ಎಂದರೆ ರಕ್ತ ಹೀರುವ ಜೀವಿ, ಕುರಿಗೆ ಉಣ್ಣೆ ಎಂದರೆ ಕಂಬಳಿ ನೂಲು. ಇಲ್ಲಿ ಉಣುಗು ಎಂದೇ ಬಳಸೋಣ.

ಉಣುಗು ಕುಡಿಯುವ ರಕ್ತಕ್ಕಿಂತ ತರುವ ರೋಗ ದೊಡ್ಡದು. ಉಣುಗಿನಿಂದ ದನಕ್ಕೆ ರೋಗ ಹರಡುತ್ತದೆ ಎಂದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು, ಸೊಳ್ಳೆಯಿಂದ ಮಲೇರಿಯಾ ಎಂದು ಗೊತ್ತಾಗುವುದಕ್ಕೂ ಮೊದಲು. ಅವರು ನೋಡಿದ ಬಬೇಸಿಯಾ ರೋಗದಲ್ಲಿ ಹಸುವಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ನಮ್ಮಲ್ಲಿ ಮಿಶ್ರತಳಿ ಹಸುಗಳನ್ನು ಹೆಚ್ಚು ಕೊಲ್ಲುವುದು ಥೈಲೇರಿಯಾ: ಇಳಿಯದ ಜ್ವರ, ಭುಜದ ಮುಂದೆ ಗಡ್ಡೆ, ರಕ್ತಹೀನತೆ. ಇದಕ್ಕೆ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ತಯಾರಿಸುವ ರಕ್ಷಾವ್ಯಾಕ್-ಟಿ ಲಸಿಕೆಯಿದೆ. ದ್ರವ ಸಾರಜನಕದಲ್ಲೇ ಸಾಗಿಸಬೇಕಾದ್ದರಿಂದ ಹಳ್ಳಿಗಳಿಗೆ ಸುಲಭವಾಗಿ ತಲುಪುವುದಿಲ್ಲ.

ಥೈಲೇರಿಯಾ ಹರಡುವ ಉಣುಗು ಬಾಳಿನ ಬಹುಕಾಲ ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ ಕಳೆಯುತ್ತದೆ. ಹಸುವಿನ ಮೈಗೆ ಎಷ್ಟು ಔಷಧ ಬಳಿದರೂ ಗೋಡೆ ಬಿಟ್ಟರೆ ಪ್ರಯೋಜನವಿಲ್ಲ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ, ಗೊಬ್ಬರದ ರಾಶಿ ದೂರ ಹಾಕಿ. ಕೊಟ್ಟಿಗೆಯಲ್ಲಿ ನಾಟಿ ಕೋಳಿ ಓಡಾಡಿಕೊಂಡಿದ್ದರೆ ಉದುರಿದ ಉಣುಗನ್ನು ಅವು ಹೆಕ್ಕಿ ತಿನ್ನುತ್ತವೆ. ಇನ್ನೊಂದು ಜಾತಿ, ಸುಮಾರು ಮೂರು ವಾರ ಒಂದೇ ಹಸುವಿನ ಮೇಲೆ ಬೆಳೆದು, ಉದುರಿ ಎರಡು ಸಾವಿರದಷ್ಟು ಮೊಟ್ಟೆ ಇಟ್ಟು ಸಾಯುತ್ತದೆ. ಒಂದೇ ಸಲ ಔಷಧ ಹೊಡೆದು ಬಿಟ್ಟರೆ ಮುಂದಿನ ತಂಡ ಹುಲ್ಲಿನಲ್ಲಿ ಕಾದಿರುತ್ತದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಬಗ್ಗದ ಉಣುಗುಗಳೂ ದೇಶದ ಹಲವೆಡೆ ಕಂಡಿವೆ.

ಲೇಬಲ್ ಹೇಳಿದಷ್ಟೇ ನೀರಿಗೆ ಬೆರೆಸಿ ಮೈ ಪೂರ್ತಿ ತೋಯಿಸಬೇಕು. ಕಿವಿಯೊಳಗೆ, ಬಾಲದ ಕೆಳಗೆ, ಕೆಚ್ಚಲ ಸಂದಿ ಬಿಡಬಾರದು. ಮೊದಲು ಹಸುವಿಗೆ ನೀರು ಕುಡಿಸಿ, ಇಲ್ಲವಾದರೆ ಮೈ ನೆಕ್ಕಿಕೊಳ್ಳುತ್ತದೆ. ಮಿಕ್ಕಿದ ದ್ರಾವಣ ಕೆರೆಗೆ ಚೆಲ್ಲಿದರೆ ಮೀನು ಸಾಯುತ್ತವೆ. ಬೆಳೆಗೆ ಹೊಡೆಯುವ ಕೀಟನಾಶಕ ಹಸುವಿನ ಮೈಗೆ ಯಾವ ಕಾರಣಕ್ಕೂ ಬೇಡ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುವ ಮನೆಮದ್ದಿನಲ್ಲಿ ಬೆಳ್ಳುಳ್ಳಿ, ಬೇವಿನ ಎಲೆ ಮತ್ತು ಬೀಜ, ಬಜೆ, ಅರಿಶಿನ, ಲಂಟಾನ ಎಲೆ, ತುಳಸಿ ರುಬ್ಬಿ, ನೀರು ಬೆರೆಸಿ ಸೋಸಿ, ಬಿಸಿಲಿದ್ದಾಗ ಬಟ್ಟೆಯಿಂದ ವಾರಕ್ಕೊಮ್ಮೆ ಮೈಗೆ ಒರೆಸುತ್ತಾರೆ. ಉಣುಗು ಕಡಿಮೆ ಇರುವಾಗ ಇದು ಸಾಕಾಗಬಹುದು.

ನಗರದವರಿಗೆ ಸಂಬಂಧಿಸಿದ ವಿಷಯವೂ ಇಲ್ಲಿದೆ. ಉಣುಗಿಗೆಂದು ಐವರ್ಮೆಕ್ಟಿನ್ ಚುಚ್ಚಿಸಿದ ಹಸುವಿನ ಹಾಲಿನಲ್ಲಿ ಅದರ ಅಂಶ ಹಲವು ದಿನ ಬರುತ್ತದೆ. ಹಾಲು ಕರೆಯುವ ಹಸುವಿಗೆ ಅದನ್ನು ಚುಚ್ಚುವಂತಿಲ್ಲ. ಆದರೂ ಚುಚ್ಚುತ್ತಾರೆ, ಹಾಲು ಡೇರಿಗೆ ಹೋಗುತ್ತದೆ. ಸಗಣಿಯಲ್ಲೂ ಅದು ಹೊರಬಂದು ಸಗಣಿ ದುಂಬಿಗಳ ಮರಿ ಸಾಯಿಸುತ್ತದೆ.

ಮಲೆನಾಡಿನಲ್ಲಿ ಉಣುಗು ಮನುಷ್ಯರ ಜೀವದ ಪ್ರಶ್ನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ದನ ಬಲಿಯಾಗುವುದಿಲ್ಲ, ಆದರೆ ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದು ಉಣುಗಿನ ಸಂಖ್ಯೆ ಬೆಳೆಯುತ್ತದೆ. ಕಾಡಂಚಿನ ಊರುಗಳಲ್ಲಿ ಜನರಿಗೆ ಲೇಪನ ತೈಲ ಹಂಚುವಷ್ಟೇ ಮುಖ್ಯ ದನಗಳ ಉಣುಗು ನಿಯಂತ್ರಣ.

ತಳಿಯಲ್ಲೇ ಇರುವ ಶಕ್ತಿ

ಸುಂದರಬನದ ಗರೋಲ್ ಎಂಬ ಪುಟ್ಟ ಕುರಿ ಕೆಸರಿನಲ್ಲೇ ಮೇಯುತ್ತದೆ, ಹಿಮಾಂಕಸ್ ಹುಳುವಿಗೆ ಸುಲಭವಾಗಿ ಸೋಲುವುದಿಲ್ಲ. ಪುಣೆಯಿಂದ ಹೆಚ್ಚು ದೂರವಿಲ್ಲದ ಸಾತಾರಾ ಜಿಲ್ಲೆಯ ಫಲ್ಟಣದಲ್ಲಿ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಈ ಗರೋಲ್ ಕುರಿಯನ್ನು ನಮ್ಮ ಡೆಕ್ಕನಿ ಮತ್ತು ಬನ್ನೂರು ಕುರಿಗಳ ಜೊತೆ ಬೆರೆಸಿ ನೋಡಿತು. ಬೆರಕೆ ಮರಿಗಳ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಕಡಿಮೆ ಇದ್ದವು, ಆದರೆ ಮರಿಗಳು ಗಾತ್ರದಲ್ಲೂ ಚಿಕ್ಕವಾದವು. ಮಾಂಸಕ್ಕೆ ಮಾರುವವರಿಗೆ ಇದು ನುಂಗಲಾರದ ತುತ್ತು. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯಲ್ಲೂ ಹುಳು ತಡೆಯುವ ಕುರಿಗಳನ್ನು ಆರಿಸಿ ಬೆಳೆಸುವ ಕೆಲಸ ನಡೆದಿದೆ.

ಮಂದೆಯ ನಾಯಿಯನ್ನು ಮರೆಯಬೇಡಿ

ಕುರಿ ಒಂದೇ ದಿಕ್ಕಿಗೆ ಗಿರಕಿ ಹೊಡೆಯುತ್ತ, ತಲೆ ಒಂದು ಕಡೆ ವಾಲಿಸಿ ಕೊನೆಗೆ ಬೀಳುವುದನ್ನು ಕುರಿಗಾಹಿಗಳು ಕಂಡಿರುತ್ತಾರೆ. ಅದರ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದಿರುತ್ತದೆ. ಅದು ನಾಯಿಯ ಲಾಡಿಹುಳುವಿನ ಮರಿ. ಸತ್ತ ಕುರಿಯ ತಲೆಯನ್ನು ಮಂದೆಯ ನಾಯಿಗೆ ಎಸೆಯುತ್ತೇವೆ, ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು ಮೊಟ್ಟೆ ಹುಲ್ಲಿಗೆ ಬೀಳುತ್ತದೆ, ಆ ಹುಲ್ಲನ್ನು ಕುರಿ ಮೇಯುತ್ತದೆ. ಕುರಿಯ ಶ್ವಾಸಕೋಶ, ಯಕೃತ್ತಿನಲ್ಲಿ ಗುಳ್ಳೆ ಬರಿಸುವ ಇನ್ನೊಂದು ಲಾಡಿಹುಳು ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ. ನಾಯಿಯನ್ನು ಮುಟ್ಟಿ ಕೈ ತೊಳೆಯದೆ ಉಣ್ಣುವ ಮಕ್ಕಳಿಗೆ ಅಪಾಯ ಹೆಚ್ಚು. ಸತ್ತ ಕುರಿಯ ತಲೆ, ಗುಳ್ಳೆಯಿರುವ ಅಂಗ ನಾಯಿಗೆ ಹಾಕದೆ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ವೈದ್ಯರನ್ನು ಕೇಳಿ ನಾಯಿಗೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಕಾಲಕಾಲಕ್ಕೆ ಕೊಡಿಸಬೇಕು. ಐವತ್ತು ಕುರಿಗೆ ಹಾಕುವ ಔಷಧದ ಖರ್ಚಿನ ಮುಂದೆ ಎರಡು ನಾಯಿಗಳ ಮಾತ್ರೆಯ ಖರ್ಚು ಏನೂ ಅಲ್ಲ.

ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ, ಜಿಲ್ಲಾವಾರು ರೋಗ ಮುನ್ಸೂಚನೆಯನ್ನು ಪ್ರತಿ ತಿಂಗಳು ಕೊಡುತ್ತದೆ. ಲಿವರ್ ಫ್ಲೂಕ್, ಥೈಲೇರಿಯಾ, ಬಬೇಸಿಯಾ ಅದರಲ್ಲಿ ಸೇರಿವೆ. ಕರ್ನಾಟಕದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡಬೇಕಾದ ಸಂಖ್ಯೆ 1962.